ನಾವಿಕರ ಹಾಡಿನ ಕೊನೆಯ ಸಾಲು

ಹೊಳೆ ಕಡಲು ಸೇರುವಲ್ಲಿ ಒಂದು ಆಶ್ರಮ. ಅಲ್ಲಿನ ಶಿಷ್ಯ ವಾಮನನಿಗೆ ಛಂದಸ್ಸೆಂದರೆ ಪಂಚಪ್ರಾಣ. ಎದುರಿಗಿದ್ದವರು ಸೀನಿದರೂ ಮಾತ್ರೆ ಎಣಿಸುವ ಆಸಾಮಿ.

ಪಕ್ಕದ ಕೇರಿಯ ಬೆಳ್ಳಜ್ಜಿ ಹಾಸಿಗೆ ಹಿಡಿದಿದ್ದಳು. ಕಡಲಿಗೆ ಹೋದ ನಾವಿಕರ ಹಾಡು ಪೂರ್ತಿ ಬರುತ್ತಿದ್ದದ್ದು ಅವಳೊಬ್ಬಳಿಗೇ. ಅವಳ ನಂತರ ಕೇರಿಯವರು ಬರಹ ನೋಡಿಯೇ ಹಾಡಬೇಕು. ಗುರುಗಳ ಮಾತಿನಂತೆ ವಾಮನ ಅವಳ ಬಳಿ ಕೂತು ಬರೆದುಕೊಂಡ, ಆಶ್ರಮಕ್ಕೆ ಬಂದು ತಿದ್ದಿ ಪ್ರತಿ ಮಾಡಿದ, ಕರಡನ್ನು ಒಲೆಗೆ ಹಾಕಿದ.

“ಗುರುಗಳೇ, ನಾಲ್ಕು ಮಾತ್ರೆಯ ಗಣ ಎಲ್ಲೂ ತಪ್ಪಿಲ್ಲ. ಎರಡನೇ ಅಕ್ಷರದ ಪ್ರಾಸವೂ ಸೊಗಸಾಗಿದೆ. ಕೊನೆಯಲ್ಲಿ ಮಾತ್ರ ‘ಗಂಜಿಯು ಆರಿದೆ ಬಾ ಮಗನೇ’ ಅನ್ನುವ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಪುನರುಕ್ತಿ ದೋಷ. ಎರಡು ಸಲ ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕಿದೆ.”

“ಯಾಕೆ ಅಷ್ಟು ಸಲ ಅಂತ ಕೇಳಿದೆಯಾ?”

“ವಯಸ್ಸಾದವಳು, ಹೇಳಿದ್ದನ್ನೇ ಮರೆತು ಹೇಳಿದಳು ಅಂದುಕೊಂಡೆ.”

ಶಹಭಾಸ್ ಸಿಗುತ್ತದೆಂದು ಕಾದ. ಗುರುಗಳ ಮುಖ ಕಪ್ಪಿಟ್ಟಿತು.

“ಹೋಗಿ ಅಜ್ಜಿಗೆ ಓದಿ ಹೇಳು.”

ವಾಮನ ಓದಿದ. ಕೊನೆಯ ಸಾಲು ಬಂದಾಗ ಅಜ್ಜಿ ಬೆರಳು ಮಡಚತೊಡಗಿದಳು. ಒಂದು. ಎರಡು. ಮೂರನೆಯ ಬೆರಳು ಹಾಗೇ ನಿಂತಿತು.

“ಉಳ್ದದ್ದ್ ಎಲ್ಲಿತ್, ಮಾಣಿ?”

“ಎಲ್ಲ ಒಂದೇ ಸಾಲಲ್ಲವಾ ಅಜ್ಜಿ?”

“ಸಾಲ್ ಒಂದೇ. ಮಕ್ಕಳ್ ಬೇರೆ ಬೇರೆ ಅಲ್ದಾ?” ಅಜ್ಜಿ ಕಷ್ಟಪಟ್ಟು ಉಸಿರೆಳೆದುಕೊಂಡಳು. “ಹೆಣ ಸಿಕ್ಕದೆ ಇದ್ದವ್ರ್ ಹೆಸ್ರ್ ನಾವ್ ಹೇಳುಕಿಲ್ಲ. ಒಬ್ಬೊಬ್ನಿಗೂ ಅವ್ನ್ ಹೆತ್ತಬ್ಬಿ ಒಂದ್ ಸಾಲ್ ಸೇರ್ಸುದ್. ಮೂರ್ನೇದ್ ನನ್ ಮಗಂದ್.”

ವಾಮನ ತಟ್ಟನೆ ಲೇಖನಿ ಎತ್ತಿಕೊಂಡ. ಮೂರನೆಯ ಸಾಲನ್ನು ಅಲ್ಲೇ ಬರೆದ. ಮುಂದಿನದನ್ನು ಕೇಳುವಷ್ಟರಲ್ಲಿ ಅಜ್ಜಿಗೆ ಮಂಪರು ಹತ್ತಿತು. ಮರುದಿನ ಹೋದಾಗ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು.

ಕೇರಿಯ ಹೆಂಗಸರಿಗೆ ತಂತಮ್ಮ ಮನೆಯ ಸಾಲು ಗೊತ್ತು. ಅಳಿದುಹೋದ ಮನೆಗಳದೂ ಸೇರಿ ಒಟ್ಟು ಎಷ್ಟೆಂಬುದು ಅಜ್ಜಿಯೊಂದಿಗೇ ಹೋಯಿತು.

ವಾಮನ ಹೊಳೆದಂಡೆಯಲ್ಲಿ ಗುರುಗಳ ಮುಂದೆ ಕುಸಿದು ಕೂತು ಅತ್ತ. ಮಾತ್ರೆಗಳನ್ನು ಒಂದೂ ಬಿಡದೆ ಎಣಿಸಿದ್ದ. ಸಾಲುಗಳನ್ನು ಎಣಿಸಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು.

“ಒಂಬತ್ತೋ ಹತ್ತೋ ಇದ್ದವು ಗುರುಗಳೇ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಒಂಬತ್ತು ಬರೆದುಬಿಡಲೇ?”

ಗುರುಗಳು ಕಡಲಿನ ಕಡೆ ತಿರುಗಿದರು.

“ಬರೆ. ಮೊದಲು ಹತ್ತನೆಯವನ ತಾಯಿಗೆ ಹೇಳಿ ಬಾ.”