ಕೆಂಚನ ದುಡಿಯುವ ಕೈ

ಹೇಳಿದ ಕೆಲಸವನ್ನು ಹೇಳಿದ ಹಾಗೇ ಮಾಡುವವರು ಎಲ್ಲ ಊರಲ್ಲೂ ಕಡಿಮೆ. ಒಂದೂರಿನಲ್ಲಿ ಅಂಥವನೊಬ್ಬನಿದ್ದ. ಅವನಿಂದಾಗಿ ಆ ಊರಿನವರು ಯಾರಿಗೂ ಕೆಲಸ ಹೇಳುವುದನ್ನೇ ಬಿಟ್ಟಿದ್ದರು.

ಅವನ ಹೆಸರು ದ್ಯಾಮಣ್ಣ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ತಾಯಿ ಫಕೀರವ್ವ, ಗಂಡ ಸತ್ತವಳು. ಮನೆಯಲ್ಲಿ ಕೆಂಚ ಅನ್ನುವ ನಾಯಿ, ಹೆಸರಿಲ್ಲದ ಒಂದು ಬೆಕ್ಕು. ಇವೆರಡರ ವಿಷಯದಲ್ಲಿ ದ್ಯಾಮಣ್ಣನದು ಒಂದೇ ಅಭಿಪ್ರಾಯ: ಇವಕ್ಕೆ ಕೈಗಳಿವೆ. ಯಾರಾದರೂ ಕೆಲಸ ಹಚ್ಚಿಯಾರೆಂದು ಕೈ ಬಚ್ಚಿಟ್ಟುಕೊಂಡು ನಾಲ್ಕು ಕಾಲಿನಲ್ಲಿ ಓಡಾಡುತ್ತವೆ.

"ಬೆಕ್ಕು ಮಾರಿ ತೊಳ್ಕೊಳ್ಳೂದು ಯಾತರಲೆ ಯವ್ವ? ಯಾರರೆ ಕಾಲಿಲೆ ಮಾರಿ ತೊಳ್ಕೊಂತಾರೇನು?" ಎಂದು ಕೇಳುತ್ತಿದ್ದ. ಫಕೀರವ್ವನಿಗೆ ಅದನ್ನು ಕೇಳುವ ಪುರಸೊತ್ತು ಇರಲಿಲ್ಲ.

ಆಕೆ ಕೌದಿ ಹೊಲಿಯುತ್ತಿದ್ದಳು. ಪಕ್ಕದೂರಿಗೆ ಕೊಟ್ಟ ಮಗಳು ಕಲ್ಲವ್ವ ಎರಡನೆಯ ಕೂಸು ಹಡೆದಿದ್ದಳು. ಸೋಮವಾರ ಹೆಸರಿಡುವುದು. ಮೊದಲ ಕೂಸಿಗೆ ತವರಿನಿಂದ ಕೌದಿ ಹೋಗಿರಲಿಲ್ಲ. ಆ ವರ್ಷವೇ ಫಕೀರವ್ವನ ಗಂಡ ತೀರಿಕೊಂಡಿದ್ದ. ಆಗ ಬೀಗತಿ ನಾಲ್ಕು ಜನರ ಮುಂದೆ, "ತವರುಮನಿ ಬೆಚ್ಚಗಿಲ್ಲ ಬಿಡವಾ" ಅಂದಿದ್ದಳು. ಆ ಮಾತು ಫಕೀರವ್ವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಹಳೆಯ ಸೀರೆಗಳ ನಡುವೆ ಗಂಡನ ಕೆಂಪು ರುಮಾಲನ್ನೂ ಸೇರಿಸಿ ಹೊಲಿದಿದ್ದಳು. ಹೆಸರು ಕರೆಯುವ ಹೊತ್ತಿಗೆ ಮೊಮ್ಮಗ ಅಜ್ಜನ ರುಮಾಲು ಹೊದ್ದು ಮಲಗಿರಬೇಕು.

ಶುಕ್ರವಾರ ಆಕೆ ಹೊಳೆಗೆ ಬಟ್ಟೆ ಒಗೆಯಲು ಹೊರಟಳು. ನೆರೆಮನೆಯ ಮುದುಕಿ ಕೌದಿಗೆ ನಾಲ್ಕು ಹೊಲಿಗೆ ಹಾಕಲು ಬಂದು ಕೂತಿದ್ದಳು. ಎಲ್ಲಿಗಾದರೂ ಹೋಗುವುದಾದರೆ ಒಳಗಿದ್ದವರಿಗೆ ಚಿಲಕ ಹಾಕಿಕೊಳ್ಳಲು ಹೇಳಿ ಹೋಗು ಎಂದು ಫಕೀರವ್ವ ಮಗನಿಗೆ ಹೇಳಿದಳು. ಸ್ವಲ್ಪ ಹೊತ್ತಿಗೆ ಮುದುಕಿ ಎದ್ದು ಮನೆಗೆ ಹೋದಳು. ಒಳಗೆ ಉಳಿದವನು ಕೆಂಚ. ದ್ಯಾಮಣ್ಣ ಕೆಂಚನಿಗೆ ಚಿಲಕ ಹಾಕಿಕೊಳ್ಳಲು ಹೇಳಿ ಕಟ್ಟೆಗೆ ಹೋಗಿ ಕೂತ. ಓಣಿಯ ಆಡು ಒಳಗೆ ಬಂದು ಕೌದಿಯ ಒಂದು ಅಂಚನ್ನು ನೆಮ್ಮದಿಯಾಗಿ ತಿಂದು ಹೋಯಿತು.

"ಹೇಳೇ ಹೋಗಿದ್ದೆ ಯವ್ವ. ಅಂವ ಬಾಲಾನೂ ಅಲ್ಲಾಡಿಸಿದ್ದ."

ಫಕೀರವ್ವ ಬೈದಳು. ಬೈದು ಸಾಕಾಗಿ ಬುದ್ಧಿ ಹೇಳಿದಳು: ತಿಳಿಯದವರಿಗೆ ಬರೀ ಬಾಯಿಂದ ಹೇಳಿದರೆ ನಡೆಯುವುದಿಲ್ಲ, ಕೈ ಹಿಡಿದು ಮಾಡಿಸಬೇಕು. ದ್ಯಾಮಣ್ಣ ಹೂಂ ಅಂದ.

ಶನಿವಾರ ಆಕೆ ಹರಿದ ಅಂಚಿಗೆ ತೇಪೆ ಹಾಕುತ್ತ ಕೂತು, ಮೊಸರು ಕಡೆ ಅಂದಳು. ದ್ಯಾಮಣ್ಣ ಬೆಕ್ಕನ್ನು ಕರೆದು ಕೂರಿಸಿಕೊಂಡ. ಅದರ ಎರಡೂ ಮುಂಗೈ ಹಿಡಿದು ಕಡಗೋಲಿನ ಹಗ್ಗಕ್ಕೆ ಹಚ್ಚಿದ. ಒಂದು ಸಲ ಎಳೆದಾಗ ಬೆಕ್ಕು ಅವನ ಮುಖ ನೋಡಿತು. ಎರಡನೆಯ ಸಲ ಎಳೆದಾಗ ಅವನ ಮುಖ ಪರಚಿತು. ಮೂರನೆಯ ಸಲಕ್ಕೆ ಬೆಕ್ಕು ಅಟ್ಟದ ಮೇಲೆ, ಗಡಿಗೆ ನೆಲದ ಮೇಲೆ, ಮಜ್ಜಿಗೆ ಹೊಸ್ತಿಲವರೆಗೆ. ಸದ್ದು ಕೇಳಿ ಓಡಿಬಂದ ಫಕೀರವ್ವ ಮಜ್ಜಿಗೆಯಲ್ಲಿ ಜಾರಿ ಬಿದ್ದಳು. ಪಾದ ಉಳುಕಿ ಊದಿಕೊಂಡಿತು.

ಭಾನುವಾರ ಕೂತಲ್ಲೇ ಕೌದಿ ಮುಗಿಸಿದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಜೋಳದ ಕಾಳು ಹಾಕಿದಳು. ಅದೇಕೆ ಎಂದು ಮಗ ಕೇಳಿದ.

"ಕೌದಿ ಹಸ್ದಿರಬಾರದಪ. ಕೆಲಸಕ್ಕ ಕಳಸೂದಾದ್ರ ಮೊದಲ ಹೊಟ್ಟಿಗೆ ಹಾಕಬೇಕು. ಆ ಬೆಕ್ಕಿಗೆ ಮೊಸರು ಕಡಿಯಾಕ ಹಚ್ಚೂ ಮುಂದ ನೀ ಏನರೆ ಹಾಕಿದ್ದೇನು?"

ಸಿಟ್ಟಿಗೆ ಆಡಿದ ಮಾತು. ದ್ಯಾಮಣ್ಣ ಅದನ್ನೂ ಜೋಪಾನವಾಗಿ ಇಟ್ಟುಕೊಂಡ.

ಸೋಮವಾರ ಕಾಲು ನೆಲಕ್ಕೆ ಊರಲಾಗಲಿಲ್ಲ. ಕಳಿಸಲು ಬೇರೆ ಯಾರೂ ಇರಲಿಲ್ಲ. ಫಕೀರವ್ವ ಕೌದಿಯನ್ನು ಮಗನ ಹೆಗಲಿಗೆ ಹಾಕಿ, ನಿನ್ನ ಕೈಯಿಂದಲೇ ಕೂಸಿಗೆ ಹೊದಿಸು, ಹೊದಿಸಿದ ಮೇಲೆ ಅಲ್ಲಿ ಒಂದು ಗಳಿಗೆಯೂ ನಿಲ್ಲದೆ ಬಂದುಬಿಡು ಅಂದಳು. ಕೆಂಚ ಹಿಂದೆ ಹೊರಟ.

ಅವನು ಹೋದಾಗ ಬೀಗರ ಮನೆಯ ಹೆಂಗಸರೆಲ್ಲ ಕಲ್ಲವ್ವನನ್ನು ಕರೆದುಕೊಂಡು ಬಾವಿ ಪೂಜೆಗೆ ಹೊರಟಿದ್ದರು. ಕೂಸು ತೊಟ್ಟಿಲಲ್ಲಿ ನಿದ್ದೆ ಹೋಗಿತ್ತು. ಬೀಗತಿ ಅವನನ್ನು ಕಂಡು, "ಚಲೋ ಆತು ಬಂದಿ. ನಾವು ಬರೂತನಕ ತೊಟ್ಟಿಲ ನಿಲ್ಲಬಾರದು ನೋಡು" ಎಂದು ಹೇಳಿ ಹೋದಳು.

ದ್ಯಾಮಣ್ಣ ಕೌದಿ ಹೊದಿಸಿದ. ಕೆಂಪು ರುಮಾಲಿನ ತುಂಡು ಕೂಸಿನ ಎದೆಯ ಮೇಲೆ ಬಂತು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ತಾನು ನಿಲ್ಲಬಾರದು, ತೊಟ್ಟಿಲೂ ನಿಲ್ಲಬಾರದು. ಎರಡೂ ಹಿರಿಯರ ಮಾತು.

ಕೆಂಚ ಪಕ್ಕದಲ್ಲಿ ಕೂತು ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ದ್ಯಾಮಣ್ಣ ನೋಡಿದ. ಮತ್ತೆ ನೋಡಿದ. ತನ್ನ ತಪ್ಪು ಅವನಿಗೆ ಹೊಳೆಯಿತು. ಬೆಕ್ಕಿನ ಹಾಗಲ್ಲ, ಕೆಂಚನಿಗೆ ದುಡಿಯುವ ಕೈ ಹಿಂದಿದೆ.

ಮೊದಲು ಹೊಟ್ಟೆಗೆ ಹಾಕಬೇಕು: ಬೀಗರ ಅಡುಗೆಮನೆಯ ಬುಟ್ಟಿಯಿಂದ ಆರು ಹೋಳಿಗೆ ತೆಗೆದು ಹಾಕಿದ. ಆಮೇಲೆ ಕೈ ಹಿಡಿದು ಮಾಡಿಸಬೇಕು: ತೊಟ್ಟಿಲ ಹಗ್ಗವನ್ನು ಆ ಹಿಂದಿನ ಕೈಗೆ ಕಟ್ಟಿ ನಾಲ್ಕು ಸಲ ತೂಗಿಸಿದ. ಕೆಂಚನ ಮೈತುಂಬ ಉಣ್ಣಿ. ಅವನು ಕೆರೆದುಕೊಂಡಷ್ಟೂ ತೊಟ್ಟಿಲು ತೂಗಿತು.

ಹೊರಡುವಾಗ ಚಿಲಕದ ನೆನಪಾಯಿತು. ಕೆಂಚನ ಕಡೆ ನೋಡಿದ, ಪಾಪ ಅನ್ನಿಸಿತು. ತಾನೇ ಒಳಗಿನಿಂದ ಚಿಲಕ ಹಾಕಿ, ಜೋಳದ ಚೀಲಗಳನ್ನು ಹತ್ತಿ, ಮಾಳಿಗೆಯ ಬೆಳಕಿಂಡಿಯಿಂದ ಹೊರಬಿದ್ದು ಊರ ದಾರಿ ಹಿಡಿದ.

ಮನೆಗೆ ಬಂದು ಎಲ್ಲವನ್ನೂ ಒಂದೂ ಬಿಡದೆ ಹೇಳಿದ.  ಆ ದಿನ ಫಕೀರವ್ವ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯ ಬಂದ. ಮುಂದೆ ಕೆಂಚ, ಕೈಯಲ್ಲಿ ಹೋಳಿಗೆ ಗಂಟು. ನಡೆದದ್ದನ್ನು ಅವನೇ ಹೇಳಿದ. ಹೆಂಗಸರು ಬಾವಿಯಿಂದ ಬಂದರೆ ಬಾಗಿಲು ಮುಚ್ಚಿದೆ, ಒಳಗೆ ತೊಟ್ಟಿಲ ಕಿರಕಿರ ಒಂದೇ ಕೇಳುತ್ತಿದೆ, ಎಷ್ಟು ಕೂಗಿದರೂ ತೂಗುವವರು ಓಗೊಡುತ್ತಿಲ್ಲ. ಕಲ್ಲವ್ವ ಅಳತೊಡಗಿದಳು. ಕೊನೆಗೆ ಅಳಿಯನೇ ಬೆಳಕಿಂಡಿಯಿಂದ ಇಳಿದು ಬಾಗಿಲು ತೆಗೆದ. ಕೂಸು ಕೌದಿಯೊಳಗೆ ಇನ್ನೂ ನಿದ್ದೆಯಲ್ಲಿತ್ತು.

"ನಿಮ್ಮ ಬೀಗತಿ ತೊಟ್ಟಿಲ ತೂಗೂ ಕೆಂಚನ್ನ ನೋಡಿದಳ್ರಿ ಅತ್ತಿ. ಆ ಕೆಂಪು ರುಮಾಲ ಕೂಸಿನ ಗದ್ದದ ತನಕ ಎಳದು ಹೊಚ್ಚಿದಳು. 'ತವರುಮನಿ ಬೆಚ್ಚಗ ಐತಿ ಬಿಡು, ಕೌದಿ ಜೋಡಿ ಆಳನೂ ಕಳಸ್ಯಾರ' ಅಂದಳು."

ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮಗನ ಕಡೆ ತಿರುಗಿದಳು. ಹೊಸ ಬುದ್ಧಿಮಾತೊಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಚಿಲಕ ಹಾಕಿದ ಮನೆಯೊಳಗೆ ಕೂಸು ಅತ್ತಿದ್ದರೆ ಬಾಗಿಲು ಯಾರು ತೆಗೆಯಬೇಕಿತ್ತು ಎಂದಷ್ಟೇ ಕೇಳಿದಳು.

ದ್ಯಾಮಣ್ಣ ತಲೆ ತಗ್ಗಿಸಿದ.

"ಕೆಂಚ ತೆಗೀತಿದ್ದ ಯವ್ವ. ಅವನ ಕೈ ಖಾಲಿ ಇರಲಿಲ್ಲ."