ಮುಚ್ಚಳದ ಮೇಲಿನ ಹೆಸರು

"ಗುರುಗಳೇ, ನೀವು ಕೊಟ್ಟ ಮಂತ್ರ ನನಗೆ ಯಾಕೆ ಫಲಿಸುತ್ತಿಲ್ಲ?" ಎಂದು ಶಿಷ್ಯ ಕೇಳಿದ.

ಕೇಳಿದ ದನಿಯಲ್ಲಿ ವಿನಯಕ್ಕಿಂತ ಬಿಸಿಯೇ ಹೆಚ್ಚಿತ್ತು. ಆಗಷ್ಟೇ ಅವನು ಪಂಕ್ತಿಯಲ್ಲಿ ಸಾರು ಬಡಿಸುವವನ ಮೇಲೆ ಹರಿಹಾಯ್ದು ಬಂದಿದ್ದ. "ನೇಮ ತಪ್ಪಿಸಿಲ್ಲ, ಉಪವಾಸ ಬಿಟ್ಟಿಲ್ಲ. ಆದರೂ ಸಿಟ್ಟು ಮೂಗಿನ ತುದಿಯಲ್ಲೇ ಕೂತಿದೆ. ಈ ಮಂತ್ರ ನನಗೆ ಹೊಂದುವುದಿಲ್ಲ. ಬೇರೆ ಕೊಡಿ."

"ಕೂತುಕೋ" ಎಂದರು ಗುರುಗಳು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಬೆಟ್ಟದ ಮೇಲಿನ ಊರೊಂದರಲ್ಲಿ ಒಬ್ಬನ ಬಳಿ ಹಳೆಯ ಜೀಪಿತ್ತು. ಸೈನ್ಯದವರು ಹರಾಜು ಹಾಕಿದ್ದನ್ನು ಕೊಂಡು ತಂದಿದ್ದ. ಬಸ್ಸು ಹತ್ತದ ದಾರಿ. ಊರವರು ಸಂತೆಗೆ ಹೋಗುವುದಿದ್ದರೂ, ಕಾಯಿಲೆಯವರನ್ನು ಕೆಳಗಿಳಿಸುವುದಿದ್ದರೂ ಆ ಜೀಪೇ ಗತಿ. ಜೀಪಿನವನು ಭಕ್ತಿವಂತ. ಪ್ರತಿ ಆಯುಧಪೂಜೆಗೆ ಬಾನೆಟ್ಟು ಎತ್ತಿ, ಎಂಜಿನ್ನಿಗೆ ಪೆಟ್ರೋಲು ಹದಮಾಡಿ ಕೊಡುವ ಕಾರ್ಬೊರೇಟರಿಗೆ ಬೆಳ್ಳಿಬಣ್ಣ ಬಳಿದು, ಅದರ ಮುಚ್ಚಳಕ್ಕೆ ಕುಂಕುಮ ಇಡುತ್ತಿದ್ದ. ಮುಚ್ಚಳದ ಮೇಲೆ ಕಂಪನಿಯ ಹೆಸರು ಉಬ್ಬಿ ನಿಂತಿತ್ತು. ಬಂದವರಿಗೆಲ್ಲ ಅದನ್ನು ತೋರಿಸಿ, "ವಿಲಾಯತಿ ಮಾಲು ಕಣ್ರೀ, ಈಗ ಹುಡುಕಿದ್ರೂ ಸಿಗಲ್ಲ" ಎನ್ನುತ್ತಿದ್ದ.

ಒಂದು ದಿನ ಜೀಪು ಏರಿನಲ್ಲಿ ಕೆಮ್ಮಿತು. ಕಪ್ಪು ಹೊಗೆ ಉಗುಳಿ ನಡುದಾರಿಯಲ್ಲಿ ನಿಂತಿತು. ಜನ ಇಳಿದು ನೂಕಿದರು. "ಏನಪ್ಪಾ, ನಿನ್ನ ವಿಲಾಯತಿಗೆ ನಮ್ಮ ಬೆಟ್ಟದ ಗಾಳಿ ಒಗ್ಗಲಿಲ್ವಾ?" ಎಂದಳು ಒಬ್ಬ ಮುದುಕಿ. ಜೀಪಿನವನಿಗೆ ಮೈಯೆಲ್ಲ ಉರಿಯಿತು.

ಸಂತೆಪೇಟೆಯ ಮೇಸ್ತ್ರಿ ಕಾರ್ಬೊರೇಟರನ್ನು ಬಿಚ್ಚಿ ತೊಳೆದ. ಒಳಗಿನ ಸಾಮಾನು ಸವೆದಿದೆ, ಹೊಸದು ಬೇಕು ಎಂದ. ಜೀಪಿನವನು ಮುಚ್ಚಳದ ಹೆಸರು ಹೇಳಿ ನಗರದಿಂದ ತರಿಸಿದ. ಹೊಸ ಪ್ಯಾಕಿಂಗಿನ ತೂತಿಗೂ ಮುಚ್ಚಳದ ಕೆಳಗಿನ ಬಾಡಿಯ ತೂತಿಗೂ ತಾಳೆಯಾಗಲಿಲ್ಲ. ಪೆಟ್ರೋಲು ತಡೆಯುವ ಸೂಜಿ ಸರಿಯಾಗಿ ಕೂರದೆ ಸೋರಿತು. ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದು ಇನ್ನೊಂದು ತರಿಸಿದ, ಅದೇ ಹೆಸರಿನದು. ಅದೂ ಕೂರಲಿಲ್ಲ.

"ವಿಲಾಯತಿಯದು ಮುಚ್ಚಳ ಮಾತ್ರ. ಕೆಳಗಿನ ಬಾಡಿ ಬೇರೆ ಕಂಪನಿಯವರು ಮಾಡಿದ ನಕಲು. ಒಳಗಿನ ಅಳತೆ ಬೇರೆ" ಎಂದ ಮೇಸ್ತ್ರಿ.

ಜೀಪಿನವನ ಕಣ್ಣು ಕೆಂಪಾಯಿತು. ತಾನು ಕೈಯಾರೆ ಪೂಜಿಸಿದ ವಸ್ತು ಬೇರೆಯದೇ? ಹಾಗಾದರೆ ಬದಲಿಸಿದವನು ಯಾರು? ಬಿಚ್ಚಿದವನೇ ಅಲ್ಲವೇ? ಸಂತೆಯ ನಡುವೆ ನಿಂತು ಕೂಗಿದ: "ಬನ್ರಪ್ಪೋ, ನೋಡ್ರಿ! ನನ್ನ ಅಸಲಿ ಮಾಲು ಮಾರ್ಕೊಂಡು ಗುಜರಿ ಕೂರಿಸಿದಾನೆ ಈ ಕಳ್ಳ!"

ಜನ ಸೇರಿದರು. ಅಲ್ಲಿ ರಿಪೇರಿಗೆ ಗಾಡಿ ಬಿಟ್ಟಿದ್ದವರು ತಮ್ಮ ತಮ್ಮ ಬಾನೆಟ್ಟು ಎತ್ತಿ ಇಣುಕಿದರು. ಮೇಸ್ತ್ರಿ ಅದನ್ನು ಕಂಡ. ಅವನಿಗಿದ್ದ ಆಸ್ತಿ ಒಳ್ಳೆಯ ಹೆಸರೊಂದೇ. ಆ ಬಾಡಿಯನ್ನೂ ಒಂದು ಚಾಕುವನ್ನೂ ತಂದು ಜೀಪಿನವನ ಮುಂದೆ ಕುಕ್ಕಿದ.

"ಕೆರಿ. ಎಲ್ಲರ ಎದುರು ನೀನೇ ಕೆರಿ. ನಾನು ಈಗ ಬದಲಿಸಿದ್ದಾದರೆ ನಿನ್ನ ವರ್ಷವರ್ಷದ ಬಣ್ಣ ಇರಲ್ಲ, ಒಂದೇ ಪದರ ಇರ್ತದೆ. ಹಾಗಿದ್ರೆ ನನ್ನ ಅಂಗಡಿಗೆ ಬೆಂಕಿ ಇಡು."

ಜೀಪಿನವನು ಹಲ್ಲು ಕಚ್ಚಿ ಕೆರೆದ. ಬೆಳ್ಳಿಬಣ್ಣ ಎದ್ದಿತು. ಕೆಳಗೆ, ಮುಚ್ಚಳದಿಂದ ಜಾರಿದ ಕುಂಕುಮದ ಕಲೆ. ಅದರ ಕೆಳಗೆ ಮತ್ತೆ ಬೆಳ್ಳಿ, ಮತ್ತೆ ಕುಂಕುಮ. ಅವನ ಕೈ ನಿಧಾನವಾಯಿತು. ಕಡೆಗೆ ನೀಲಿಬಣ್ಣ ಕಂಡಿತು. ಮೊದಲ ವರ್ಷದ ಪೂಜೆಗೆ ಬೆಳ್ಳಿಬಣ್ಣ ಸಿಗದೆ, ತನ್ನ ಮನೆಯ ಕಿಟಕಿಗೆ ತಂದು ಉಳಿದ ನೀಲಿಯನ್ನು ಅವನೇ ಬಳಿದಿದ್ದ. ಆ ನೀಲಿಯ ಅಡಿಯಲ್ಲಿ ಬಾಡಿಯ ಸ್ವಂತ ಗುರುತಿತ್ತು. ಅದು ಬೇರೆಯೇ ಹೆಸರು. ಜೀಪು ಮನೆಗೆ ಬಂದ ದಿನವೂ ಅದೇ ಇತ್ತು.

"ಇಷ್ಟು ವರ್ಷ ಕೈ ಮುಗಿದ್ಯಲ್ಲ ಮಾರಾಯ, ಕೈ ಮುಗಿದದ್ದು ಯಾವುದಕ್ಕೆ ಅಂತ ಒಂದು ದಿನ ನೋಡಿದ್ಯಾ?" ಎಂದ ಮೇಸ್ತ್ರಿ.

ಜೀಪಿನವನು ಚಾಕು ಕೆಳಗಿಟ್ಟ. ಆಮೇಲೆ ಬಾಡಿಯ ಹೆಸರಿನ ಸಾಮಾನು ಬಂತು, ಸರಿಯಾಗಿ ಕೂತಿತು, ಜೀಪು ಬೆಟ್ಟ ಹತ್ತಿತು. ಸಂತೆಯಲ್ಲಿ ಕೂಗಿದ ಮಾತು ಮಾತ್ರ ಹಿಂದಕ್ಕೆ ಬರಲಿಲ್ಲ. ಅವತ್ತು ಗಾಡಿ ಒಯ್ದವರಲ್ಲಿ ಕೆಲವರು ಆ ಮೇಸ್ತ್ರಿಯ ಕಡೆ ಮತ್ತೆ ಸುಳಿಯಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಮೂಢ, ಗುರುಗಳೇ! ಮುಚ್ಚಳ ನೋಡಿ ತರಿಸುವವನಿಗೆ ಎಷ್ಟು ಸಲ ಹೊಸ ಸಾಮಾನು ಕೊಟ್ಟರೇನು?" ಎಂದು ಸಿಡಿದ.

ಗುರುಗಳು ಅವನು ಹೊದ್ದಿದ್ದ ಕಾವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರು.

"ಬೇರೆ ಮಂತ್ರ ಕೊಡೋಣವಂತೆ. ಈ ಮುಚ್ಚಳಕ್ಕೆ ಕೊಡಲೋ, ಇದರೊಳಗೆ ಇರುವವನಿಗೆ ಕೊಡಲೋ?"