ಎಳೆದು ನೋಡಿದ ಸುರುಳಿ

"ಗುರುಗಳೇ, ಕೈಹಿಡಿದವಳನ್ನು ಒಂದೇ ಮಾತು ಹತ್ತು ಸಲ ಕೇಳಿದರೆ ತಪ್ಪೇನು? ಸುಳ್ಳಿಲ್ಲದಿದ್ದರೆ ಹತ್ತು ಸಲವೂ ಅದೇ ಉತ್ತರ ಬರಬೇಕಲ್ಲ?" ಎಂದು ಕೊಟ್ರಯ್ಯ ಕೇಳಿದ. ಮಠಕ್ಕೆ ಬಹಳ ವರ್ಷಗಳಿಂದ ನಡೆದುಕೊಳ್ಳುತ್ತಿದ್ದ ಶಿಷ್ಯ. ಮದುವೆಯಾಗಿ ಎರಡು ವರ್ಷವಾಗಿತ್ತು. "ಈಚೆಗಂತೂ ಅವಳು ಮಾತೇ ಕಮ್ಮಿ ಮಾಡಿದ್ದಾಳೆ. ಏನೋ ಮುಚ್ಚಿಡುತ್ತಿದ್ದಾಳೆ ಅಂತಲೇ ಅಲ್ಲವೇ ಇದರರ್ಥ?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕೂತ್ಕೊಳ್ಳಪ್ಪ, ಇದು ನಿಂತು ಕೇಳುವ ಪ್ರಶ್ನೆಯಲ್ಲ" ಎಂದು ಹೇಳತೊಡಗಿದರು.

ಒಬ್ಬ ಟೆಂಟ್ ಸಿನಿಮಾದ ಯಜಮಾನನಿದ್ದ. ಅವನ ಹತ್ತಿರ ಒಂದು ಹಳೇ ಚಿತ್ರದ ರೀಲುಗಳಿದ್ದವು. ಆ ಚಿತ್ರ ತೆಗೆದದ್ದು ಅವನ ಊರಲ್ಲೇ. ಮೂರನೆಯ ರೀಲಿನಲ್ಲಿ ಬಾವಿಕಟ್ಟೆ ಬರುತ್ತದೆ. ನೀರು ಸೇದುವ ಹೆಂಗಸರ ನಡುವೆ ಅವನ ಹೆಂಡತಿಯೂ ನಿಂತಿದ್ದಾಳೆ. ಒಮ್ಮೆ ಈ ಕಡೆ ತಿರುಗಿ ನಗುತ್ತಾಳೆ. ಅಷ್ಟೇ. ಅವಳು ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಮನೆಯಲ್ಲಿ ಅವಳದೊಂದು ಫೋಟೋವೂ ಇರಲಿಲ್ಲ, ಆ ಚಿತ್ರದ ಬೇರೆ ಪ್ರತಿಯೂ ಎಲ್ಲೂ ಉಳಿದಿರಲಿಲ್ಲ. ವರ್ಷಕ್ಕೊಮ್ಮೆ, ಅವಳು ತೀರಿಕೊಂಡ ದಿನ, ಯಜಮಾನ ಆ ರೀಲು ಹಾಕಿ ಮಗಳಿಗೆ ತಾಯಿಯ ಮುಖ ತೋರಿಸುತ್ತಿದ್ದ.

ರೀಲಿಗೆ ವಯಸ್ಸಾಯಿತು. ಧೂಳು ಕೂತಿತು, ಎಣ್ಣೆ ಹತ್ತಿತು, ಅಂಚಿನ ತೂತುಗಳು ಹರಿದವು. ಹಳೇ ಫಿಲ್ಮು ಒರೆಸಿ ಸರಿಮಾಡುವುದರಲ್ಲಿ ಕೈ ಪಳಗಿದ ಒಬ್ಬ ಹೆಂಗಸನ್ನು ಯಜಮಾನ ಕರೆಸಿದ. ಅವಳು ನೋಡಿ, "ನಾಲ್ಕು ದಿನ ಬೇಕು" ಎಂದಳು. ಮೆತ್ತನೆಯ ಬಟ್ಟೆಗೆ ಔಷಧಿ ಸವರಿ, ಅದರ ನಡುವೆ ಫಿಲ್ಮನ್ನು ನಿಧಾನಕ್ಕೆ ಹಾಯಿಸುತ್ತ, ಹರಿದ ತೂತಿಗೆ ತೇಪೆ ಹಾಕುತ್ತ ಕೆಲಸಕ್ಕೆ ಕೂತಳು.

ಎಲ್ಲ ಸುಸೂತ್ರ ನಡೆಯುತ್ತಿತ್ತು. ಆದರೆ ಯಜಮಾನ ಚಹಾ ಕುಡಿಯಲು ಹೋದನಲ್ಲ, ಹೋಟೆಲಿನವನು ಅವನ ಕಿವಿಯಲ್ಲಿ ಒಂದು ಮಾತು ಹಾಕಿದ. "ಹುಷಾರು ಯಜಮಾನರೇ. ಈ ಒರೆಸುವವರು ಒಳ್ಳೊಳ್ಳೇ ತುಂಡು ಕತ್ತರಿಸಿ ಇಟ್ಟುಕೊಳ್ತಾರಂತೆ." ಆ ಪುಣ್ಯಾತ್ಮ ಜನ್ಮದಲ್ಲಿ ಫಿಲ್ಮು ಮುಟ್ಟಿದವನಲ್ಲ. ಏನು ಮಾಡೋಣ, ತಲೆಯೊಳಗೆ ಹುಳ ಹೊಕ್ಕಿತು. ಯಜಮಾನ ನೆಟ್ಟಗೆ ಬಂದು, ಸುರುಳಿಯ ದಪ್ಪಕ್ಕೆ ಸರಿಯಾಗಿ ಒಂದು ಪೊರಕೆಕಡ್ಡಿ ಮುರಿದು ಜೇಬಿನಲ್ಲಿಟ್ಟುಕೊಂಡ.

ಮಾರನೆಯ ದಿನ ಹೆಂಗಸು ಊಟಕ್ಕೆ ಹೋದಾಗ ಕಡ್ಡಿ ಹಿಡಿದು ನೋಡಿದ. ಸುರುಳಿ ಕಡ್ಡಿಗಿಂತ ದಪ್ಪ ಇತ್ತು! ಬೇರೆಯವನಾಗಿದ್ದರೆ ನೆಮ್ಮದಿಯಾಗಿ ಉಣ್ಣಲು ಹೋಗುತ್ತಿದ್ದ. ಇವನು ಮಾತ್ರ, "ಕತ್ತರಿಸಿದ್ದು ಗೊತ್ತಾಗಬಾರದೆಂದು ಸಡಿಲ ಸುತ್ತಿ ದಪ್ಪ ಕಾಣಿಸಿದ್ದಾಳೆ ಕಳ್ಳಿ" ಎಂದುಕೊಂಡ. ನಿಜ ತಿಳಿಯಬೇಕಲ್ಲ, ಸುರುಳಿಯನ್ನು ಒತ್ತಿ ಹಿಡಿದು ಅದರ ತುದಿ ಎಳೆದ. ಸರ್ರನೆ ಬಿಗಿಯಾಯಿತು. ಅಳೆದರೆ ಕಡ್ಡಿಗಿಂತ ಕೂದಲೆಳೆಯಷ್ಟು ಕಮ್ಮಿ. "ನೋಡಿದೆಯಾ ಮತ್ತೆ!" ಎಂದು ತನಗೆ ತಾನೇ ಹೇಳಿಕೊಂಡ.

ಮರುದಿನ ಇನ್ನೂ ಜೋರಾಗಿ ಎಳೆದ. ಇನ್ನಷ್ಟು ಕಮ್ಮಿಯಾಯಿತು. ಸಂಜೆ ಹೆಂಗಸೇ ಬಂದು, "ಯಜಮಾನರೇ, ಯಾರೋ ಸುರುಳಿ ಮುಟ್ಟುತ್ತಿದ್ದಾರೆ. ಒರೆಸಿದ್ದು ಆರಲಿ ಅಂತ ಸಡಿಲ ಬಿಟ್ಟಿರ್ತೀನಿ. ಅದನ್ನ ಎಳೀಬಾರದು" ಎಂದಳು.

"ಇಲ್ಲಿ ಯಾರಿದ್ದಾರಮ್ಮ ಮುಟ್ಟೋಕೆ?" ಎಂದ ಯಜಮಾನ. ಒಳಗೊಳಗೇ, "ಈಗಲೇ ನೆಪ ಹುಡುಕುತ್ತಿದ್ದಾಳೆ" ಎಂದುಕೊಂಡ. ನಾಲ್ಕನೆಯ ದಿನ ಮಂಡಿಯೂರಿ ಕೂತು, ಹಲ್ಲು ಕಚ್ಚಿ ಎಳೆದ. ಕಡ್ಡಿಗಿಂತ ಒಂದು ಬೆರಳು ಕಮ್ಮಿ. ಅನುಮಾನ ಹೋಗಿ ಖಾತ್ರಿಯೇ ಆಯಿತು.

ಅಂದೇ ತಾಯಿ ತೀರಿಕೊಂಡ ದಿನ; ಸಂಜೆ ಮಗಳು ಪರದೆಯ ಮುಂದೆ ಕೂತಳು. ಹದಿನಾರು ವರ್ಷದ ಹುಡುಗಿ, ಅಂದಿನ ದಿನಕ್ಕಾಗಿ ವರ್ಷವಿಡೀ ಕಾಯುವವಳು. ಬಾವಿಕಟ್ಟೆ ಬಂತು, ಹೆಂಗಸರು ಬಂದರು. ಅವರ ಮೇಲೆ ಮಳೆ ಸುರಿದ ಹಾಗೆ ಮೇಲಿಂದ ಕೆಳಗೆ ಬಿಳೀ ಗೆರೆಗಳು. ಹುಡುಗಿ ಎದ್ದು ಪರದೆಯ ಹತ್ತಿರಕ್ಕೇ ಹೋದಳು. "ಅಪ್ಪಾ, ಇದರಲ್ಲಿ ಅವ್ವ ಯಾರು?" ಎಂದಳು.

ಯಜಮಾನನಿಗೆ ತಡೆಯಲಾಗಲಿಲ್ಲ. ಮೆಷಿನ್ನು ನಿಲ್ಲಿಸಿ, ಪಕ್ಕದಲ್ಲಿದ್ದ ಒರೆಸುವ ಹೆಂಗಸಿನ ಮುಂದೆ ಕಡ್ಡಿ ಎಸೆದು, "ನನ್ನ ಹೆಂಡತಿಯನ್ನು ಕತ್ತರಿಸಿದೆಯಲ್ಲ, ನಿನಗೆ ಒಳ್ಳೆಯದಾಗುತ್ತಾ?" ಎಂದು ಕೂಗಾಡಿದ.

ಅವಳು ಕಡ್ಡಿ ನೋಡಿದಳು, ಅವನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಫಿಲ್ಮಿನ ಅಂಚಿನಲ್ಲಿ ಅಡಿಗೊಂದು ಅಂಕಿ ಅಚ್ಚಾಗಿರುತ್ತದೆ. ರೀಲು ಬಿಚ್ಚಿ ಆ ಅಂಕಿಗಳನ್ನು ಒಂದೊಂದಾಗಿ ಮಗಳ ಕೈಲೇ ಓದಿಸಿದಳು. ಒಂದೂ ತಪ್ಪಿರಲಿಲ್ಲ. ಆಮೇಲೆ ತನ್ನ ಚೀಲದಿಂದ ಒಂದು ರದ್ದಿ ಫಿಲ್ಮಿನ ಸುರುಳಿ ತೆಗೆದು, ಸಡಿಲ ಸುತ್ತಿ, ಅವನ ಕಣ್ಣೆದುರೇ ತುದಿ ಎಳೆದಳು. ಸುರುಳಿ ಚಿಕ್ಕದಾಯಿತು. ಬಿಚ್ಚಿ ಬೆಳಕಿಗೆ ಹಿಡಿದರೆ ಉದ್ದಕ್ಕೂ ಗೆರೆ.

"ಕಮ್ಮಿಯಾದದ್ದು ಫಿಲ್ಮಲ್ಲ ಯಜಮಾನರೇ, ಸಡಿಲ" ಎಂದಳು. "ಎಳೆದಾಗ ಒಂದು ಸುತ್ತು ಇನ್ನೊಂದನ್ನು ಉಜ್ಜುತ್ತೆ. ಧೂಳಾಗಿದ್ದರೆ ಒರೆಸಿಬಿಡ್ತಿದ್ದೆ. ಇಲ್ಲಿ ಚಿತ್ರವೇ ಕಿತ್ತು ಬಂದಿದೆ."

ಯಜಮಾನ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಮಗಳು ಹೊರಗೆ ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿ ನೀರು ಕುಡಿದರು. "ಆ ಗೆರೆ ಆಮೇಲಾದರೂ ಹೋಯಿತೇ ಗುರುಗಳೇ?" ಎಂದು ಕೊಟ್ರಯ್ಯ ಕೇಳಿದ.

"ಇಲ್ಲ" ಎಂದರು ಗುರುಗಳು. ಲೋಟ ಕೆಳಗಿಟ್ಟರು. "ಅವಳು ಮಾತು ಕಮ್ಮಿ ಮಾಡಿದಳು ಅಂದೆಯಲ್ಲ ಕೊಟ್ರಯ್ಯ, ನೀನು ಎಷ್ಟು ಸಲ ಎಳೆದೆ?"